ಚೌಕಟ್ಟಿನ ಕೆಳಮೂಲೆಯ ಜನ

ವೆನಿಸ್ಸಿನಲ್ಲಿ ಬೆಳಗಾಗಿದೆ. ಕಿಟಕಿಯ ಅಂಚಿನಲ್ಲಿ ನಿಂತು ಹುಂಜವೊಂದು ಕೂಗುತ್ತಿದೆ. ಕಾಲುವೆಯ ಈಚೆ ದಡದ ಬಯಲಿನಲ್ಲಿ ಕಲ್ಲುಕುಟಿಗರು ಚಾಣ ಹಿಡಿದು ಬಿಳಿಗಲ್ಲಿನ ತುಂಡುಗಳನ್ನು ಹದ ಮಾಡುತ್ತಿದ್ದಾರೆ. ಎಡಗಡೆಯ ಮನೆಯ ಮುಂದೆ ಒಂದು ಪುಟ್ಟ ಮಗು ಆಯತಪ್ಪಿ ಬಿದ್ದು, ಬಿದ್ದಲ್ಲೇ ಉಚ್ಚೆ ಹೊಯ್ಯುತ್ತಿದೆ. ತಾಯಿ ಪೊರಕೆಯನ್ನು ಒರಗಿಸಿಟ್ಟು ಕೈ ಚಾಚಿ ಓಡುತ್ತಿದ್ದಾಳೆ. ಅದೆಲ್ಲ ದಿನಾ ಆಗುವುದೇ ಎಂಬಂತೆ ಮೇಲಿನಿಂದ ಇನ್ನೊಬ್ಬಾಕೆ ನೋಡುತ್ತಿದ್ದಾಳೆ.

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಈ ಚಿತ್ರಕ್ಕೆ ‘ಕಲ್ಲುಕುಟಿಗರ ಅಂಗಳ’ ಎಂಬ ಹೆಸರು ಆಮೇಲೆ ಅಂಟಿಕೊಂಡಿತು. ನಿಜಕ್ಕೂ ಅಲ್ಲಿ ಅಂಥ ಅಂಗಳವೇನೂ ಇರಲಿಲ್ಲ. ಅದು ಸಾನ್ ವಿದಾಲ್ ಎಂಬ ಸಾಧಾರಣ ಬಯಲು. ಪಕ್ಕದ ಚರ್ಚಿನ ದುರಸ್ತಿಗೆ ತಂದ ಕಲ್ಲನ್ನು ಕೆಲವು ಕಾಲ ಅಲ್ಲಿ ರಾಶಿ ಹಾಕಿಕೊಂಡಿದ್ದರು, ಅಷ್ಟೇ. ಕಾಲುವೆಯ ಆಚೆ ಕಾಣುವ ಕರಿತಾ ಚರ್ಚಿನ ಎತ್ತರದ ಗಂಟೆಗೋಪುರ 1744ರಲ್ಲಿ ಕುಸಿದುಬಿತ್ತು. ಈಗ ಅದೇ ಚರ್ಚಿನ ಕಟ್ಟಡದಲ್ಲಿ ನಗರದ ದೊಡ್ಡ ಚಿತ್ರಶಾಲೆಯಿದೆ. ಚಿತ್ರ ಬರೆದದ್ದು ಸುಮಾರು 1725ರಲ್ಲಿ. ಬರೆದವನು ಆಂತೋನಿಯೊ ಕನಾಲ್. ಅಪ್ಪ ಬೆರ್ನಾರ್ದೊ ಕನಾಲ್ ನಾಟಕಗಳಿಗೆ ರಂಗದೃಶ್ಯ ಬರೆಯುವವನು. ಹಾಗಾಗಿ ಮಗ ‘ಚಿಕ್ಕ ಕನಾಲ್’, ಅಂದರೆ ಕನಲೆಟ್ಟೊ ಆದ.

ಹದಿನೆಂಟನೆಯ ಶತಮಾನದ ಯುರೋಪಿನ ನಗರಚಿತ್ರಗಳನ್ನು ನೋಡುವಾಗ ನಾನು ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಮೊದಲು ಕಟ್ಟಡ, ಆಕಾಶ, ನೀರು ಎಲ್ಲವನ್ನೂ ಕಣ್ತುಂಬ ನೋಡಿ ಮುಗಿಸುತ್ತೇನೆ. ಆಮೇಲೆ ಚೌಕಟ್ಟಿನ ಕೆಳಗಿನ ಮೂಲೆಗೆ ಬರುತ್ತೇನೆ. ಅಲ್ಲಿ ಯಾರಿದ್ದಾರೆ? ಏನು ಮಾಡುತ್ತಿದ್ದಾರೆ? ಯಾರ ಮುಖಕ್ಕೆ ಬಿಸಿಲು ಬಿದ್ದಿದೆ, ಯಾರು ನೆರಳಿನಲ್ಲಿದ್ದಾರೆ? ಈ ಪ್ರಶ್ನೆಗಳನ್ನು ಹಿಡಿದು ಹೋದರೆ, ಗೋಡೆಯ ಅಂದಕ್ಕೆಂದು ಬರೆದಂತೆ ಕಾಣುವ ಚಿತ್ರಗಳು ಆ ಕಾಲದ ಸಮಾಜದ ಲೆಕ್ಕದ ಪುಸ್ತಕಗಳಂತೆ ತೆರೆದುಕೊಳ್ಳುತ್ತವೆ.

ಇಟಾಲಿಯನ್ನರು ಈ ಬಗೆಯ ಚಿತ್ರಕ್ಕೆ ‘ವೆದೂತ’ ಎನ್ನುತ್ತಾರೆ. ಅಂದರೆ ನೋಟ. ಯಾರ ನೋಟ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಆಗ ಇಂಗ್ಲೆಂಡಿನ ಸಿರಿವಂತ ಮನೆತನಗಳ ತರುಣರು ಓದು ಮುಗಿಸಿ ಯುರೋಪು ಸುತ್ತಲು ಹೊರಡುತ್ತಿದ್ದರು. ವೆನಿಸ್ ಆ ಸುತ್ತಾಟದ ಕಡ್ಡಾಯ ನಿಲ್ದಾಣ. ಊರಿಗೆ ಮರಳುವಾಗ ನೆನಪಿಗೊಂದು ಚಿತ್ರ ಬೇಕು. ಈ ಬೇಡಿಕೆಯನ್ನು ಕನಲೆಟ್ಟೊನ ಕುಂಚಕ್ಕೆ ಜೋಡಿಸಿದವನು ವೆನಿಸ್ಸಿನಲ್ಲಿ ನೆಲೆಸಿದ್ದ ಜೋಸೆಫ್ ಸ್ಮಿತ್ ಎಂಬ ಇಂಗ್ಲಿಷ್ ವ್ಯಾಪಾರಿ. ಆತ 1744ರಲ್ಲಿ ಅಲ್ಲಿ ಬ್ರಿಟನ್ನಿನ ಕಾನ್ಸುಲ್ ಕೂಡ ಆದ. ಬೆಡ್‌ಫರ್ಡ್‌ನ ಡ್ಯೂಕ್ ಒಬ್ಬನೇ 24 ಚಿತ್ರಗಳನ್ನು ಕೊಂಡ. ಸ್ಮಿತ್ ತನ್ನಲ್ಲಿ ಉಳಿಸಿಕೊಂಡಿದ್ದ ಸಂಗ್ರಹವನ್ನು 1762ರಲ್ಲಿ ದೊರೆ ಮೂರನೆಯ ಜಾರ್ಜ್ ಕೊಂಡುಕೊಂಡ. ಅದರಲ್ಲಿ ಕನಲೆಟ್ಟೊನ ಸುಮಾರು ಐವತ್ತು ವರ್ಣಚಿತ್ರಗಳಿದ್ದವು.

ಕೊಳ್ಳುವವನು ಹೊರಗಿನ ಸಿರಿವಂತನಾದಾಗ ನಗರ ಹೇಗೆ ಕಾಣಬೇಕು? ಬಿಸಿಲಿರಬೇಕು, ಉತ್ಸವವಿರಬೇಕು, ಗುರುತು ಸಿಗುವ ಕಟ್ಟಡಗಳಿರಬೇಕು. 1735ರಲ್ಲಿ ವಿಸೆಂತೀನಿ ಎಂಬ ಕಲಾವಿದ ಕನಲೆಟ್ಟೊನ ಚಿತ್ರಗಳನ್ನು ಅಚ್ಚುಗಳಾಗಿಸಿ ಒಂದು ಮಾಲೆ ಪ್ರಕಟಿಸಿದ. ಅದರಲ್ಲಿ ಒಟ್ಟು 14 ಹಾಳೆ. ಹನ್ನೆರಡು ಹಾಳೆಗಳಲ್ಲಿ ದೊಡ್ಡ ಕಾಲುವೆಯ ದೃಶ್ಯಗಳು, ಉಳಿದ ಎರಡರಲ್ಲಿ ದೋಣಿಪಂದ್ಯ ಮತ್ತು ಜಲೋತ್ಸವ. 1516ರಿಂದ ಯಹೂದಿಗಳನ್ನು ಕೂಡಿಟ್ಟು ರಾತ್ರಿ ಬಾಗಿಲು ಹಾಕುತ್ತಿದ್ದ ಗೆಟ್ಟೊ ಕೂಡ ಇದೇ ವೆನಿಸ್ಸಿನಲ್ಲಿತ್ತು. ‘ಗೆಟ್ಟೊ’ ಎಂಬ ಪದವನ್ನು ಜಗತ್ತಿಗೆ ಕೊಟ್ಟದ್ದೇ ಈ ಊರು. ಆದರೆ ಅದು ಮಾಲೆಯ ಯಾವ ಹಾಳೆಯಲ್ಲೂ ಇಲ್ಲ. ನೆನಪಿಗೆಂದು ಕೊಂಡೊಯ್ಯುವ ನಗರಕ್ಕೆ ಅದು ಸೇರುವಂಥದ್ದಲ್ಲ.

ಇಷ್ಟಕ್ಕೇ ನಿಂತರೆ, ಹಣ ಕೊಟ್ಟವರಿಗೆ ಬೇಕಾದ ಹಾಗೆ ಚಿತ್ರ ಬರೆದರು, ಬಡವರನ್ನು ಮರೆಮಾಡಿದರು ಎಂದು ಸುಲಭವಾಗಿ ತೀರ್ಪು ಕೊಟ್ಟುಬಿಡಬಹುದು. ನನಗೆ ಆ ತೀರ್ಪು ಸಾಕೆನಿಸುವುದಿಲ್ಲ. ಏಕೆಂದರೆ ಈ ಚಿತ್ರಗಳಲ್ಲಿ ಬಡವರು ತುಂಬಿದ್ದಾರೆ. ಅಂಬಿಗರು, ನೀರು ಸೇದುವವರು, ಹಣ್ಣು ಮಾರುವವರು, ಭಿಕ್ಷುಕರು ಎಲ್ಲರೂ ಇದ್ದಾರೆ. ಅವರು ಎಲ್ಲಿ ನಿಂತಿದ್ದಾರೆ, ಯಾವ ಕೆಲಸಕ್ಕೆ ನಿಂತಿದ್ದಾರೆ ಎಂಬುದನ್ನು ನೋಡಬೇಕು.

ಅದಕ್ಕೆ ವೆನಿಸ್ಸಿನ ಸಮಾಜದ ಮೆಟ್ಟಿಲುಗಳನ್ನು ಸ್ವಲ್ಪ ತಿಳಿದುಕೊಳ್ಳಬೇಕಾಗುತ್ತದೆ. ಅದು ರಾಜನಿಲ್ಲದ ಗಣರಾಜ್ಯ. ಆದರೆ ಆಳ್ವಿಕೆಯ ಹಕ್ಕಿದ್ದದ್ದು ಶ್ರೀಮಂತ ಮನೆತನಗಳಿಗೆ ಮಾತ್ರ. 1297ರಲ್ಲಿ ಮಹಾಸಭೆಯ ಬಾಗಿಲನ್ನು ಹೊಸಬರಿಗೆ ಹೆಚ್ಚುಕಡಿಮೆ ಮುಚ್ಚಿಬಿಟ್ಟರು. ಮುಂದೆ ಕುಲೀನರ ಹುಟ್ಟು, ಮದುವೆಗಳನ್ನು ಬರೆದಿಡುವ ದಾಖಲೆ ‘ಚಿನ್ನದ ಪುಸ್ತಕ’ ಎಂದು ಹೆಸರಾಯಿತು. ಅವರ ಕೆಳಗೆ ‘ಮೂಲ ನಾಗರಿಕರು’. ಇವರಿಗೆ ಮತದ ಹಕ್ಕಿಲ್ಲ, ಆದರೆ ಸರ್ಕಾರಿ ಕಚೇರಿಗಳ ಬರಹಗಾರಿಕೆ, ಕಾರ್ಯದರ್ಶಿ ಹುದ್ದೆಗಳು ಇವರ ಪಾಲು. ಈ ಪಟ್ಟಿಗೆ ಸೇರಬೇಕಾದರೆ ತಾನು, ಅಪ್ಪ, ಅಜ್ಜ ಮೂವರೂ ಕೈಕೆಲಸ ಮಾಡಿ ಬದುಕಿದವರಲ್ಲ ಎಂದು ತೋರಿಸಬೇಕು. ಅವರ ಕೆಳಗೆ ಉಳಿದ ಜನಸಾಮಾನ್ಯರು. ನಗರದ ಜನಸಂಖ್ಯೆಯ ಬಹುಪಾಲು ಇವರೇ.

ಈ ಮೂರು ಮೆಟ್ಟಿಲೂ ಒಂದೇ ಚೌಕಟ್ಟಿನಲ್ಲಿ ಕಾಣಬೇಕಾದರೆ ಕನಲೆಟ್ಟೊ ಸುಮಾರು 1735ರಲ್ಲಿ ಬರೆದ ಸಂತ ರೊಕ್ಕೊನ ಹಬ್ಬದ ಚಿತ್ರ ನೋಡಬೇಕು. 1576ರ ಪ್ಲೇಗಿನಿಂದ ನಗರವನ್ನು ಕಾಪಾಡಿದವನು ಈ ಸಂತನೆಂಬ ನಂಬಿಕೆ. ಪ್ರತಿವರ್ಷ ಆಗಸ್ಟ್ 16ರಂದು ವೆನಿಸ್ಸಿನ ಅಧಿಪತಿಯಾದ ಡೋಜ್ ಅವನ ಚರ್ಚಿಗೆ ಬರುತ್ತಾನೆ. ಚಿತ್ರದಲ್ಲಿ ಪೂಜೆ ಮುಗಿದು ಮೆರವಣಿಗೆ ಹೊರಬರುತ್ತಿದೆ. ಚಿನ್ನದ ಬಣ್ಣದ ನಿಲುವಂಗಿ ತೊಟ್ಟ ಡೋಜ್ ಛತ್ರಿಯ ಅಡಿಯಲ್ಲಿದ್ದಾನೆ, ಸೆನೆಟರುಗಳು ಕೆಂಪು ಉಡುಪಿನಲ್ಲಿದ್ದಾರೆ. ಹಿಂದೆ ಕಾಣುವ ಭವ್ಯ ಕಟ್ಟಡ ಒಂದು ಧರ್ಮಸಂಘದ್ದು. ಅದನ್ನು ನಡೆಸುವವರು ಎರಡನೆಯ ಮೆಟ್ಟಿಲಿನ ನಾಗರಿಕರು. ಮತದ ಹಕ್ಕಿಲ್ಲದವರು ತಮ್ಮ ಸಿರಿಯನ್ನೂ ಮಾನವನ್ನೂ ಮೆರೆಸುತ್ತಿದ್ದುದು ಇಂಥ ಸಂಘಗಳ ಮೂಲಕವೇ. ಸುತ್ತ ನಿಂತು ನೋಡುತ್ತಿರುವುದು ಮೂರನೆಯ ಮೆಟ್ಟಿಲು. ಯಾರ ಮುಂದೆ ಯಾರು, ಯಾವ ಬಣ್ಣದ ಬಟ್ಟೆಯಲ್ಲಿ ನಡೆಯಬೇಕು ಎಂಬುದೆಲ್ಲ ಮೊದಲೇ ಗೊತ್ತುಮಾಡಿದ್ದು. ಮೆರವಣಿಗೆಯೇ ಸಂವಿಧಾನ, ಅದನ್ನು ಓದಲು ಅಕ್ಷರ ಬರಬೇಕಾಗಿರಲಿಲ್ಲ, ನಿಂತು ನೋಡಿದರೆ ಸಾಕಿತ್ತು. ಆದರೆ ನೋಡುವವರಿಲ್ಲದೆ ಮೆರವಣಿಗೆ ಇಲ್ಲ. ಬಡವರಿಗೆ ಈ ಚಿತ್ರದಲ್ಲಿ ಸಿಕ್ಕಿರುವ ಕೆಲಸ ಅದೇ: ವ್ಯವಸ್ಥೆಯನ್ನು ನೋಡುತ್ತ ನಿಂತು ಅದಕ್ಕೆ ಸಾಕ್ಷಿಯಾಗುವುದು.

ಕನಲೆಟ್ಟೊ ಸ್ವತಃ ಈ ಮೆಟ್ಟಿಲುಗಳಲ್ಲಿ ಎಲ್ಲಿದ್ದ? 1735ರ ಅಚ್ಚಿನ ಮಾಲೆಯಲ್ಲಿ ಅವನ ಭಾವಚಿತ್ರದ ಜೊತೆ ‘ಹುಟ್ಟಿನಿಂದ ವೆನಿಸ್ಸಿನ ನಾಗರಿಕ’ ಎಂಬ ಅರ್ಥದ ಲ್ಯಾಟಿನ್ ಬಿರುದಿದೆ. ಆ ಎರಡನೆಯ ಮೆಟ್ಟಿಲು ನನ್ನದು ಎಂಬ ಘೋಷಣೆ ಅದು. ಬಣ್ಣ ಕೈಗೆ ಮೆತ್ತಿಕೊಂಡು ದುಡಿಯುವವನು ಕೈಕೆಲಸ ಮಾಡದವರ ಸಾಲಿಗೆ ಸೇರಿದವನೆಂದು ಹೇಳಿಕೊಳ್ಳಬೇಕಾಯಿತು ಎನ್ನುವುದರಲ್ಲೇ ಆ ಕಾಲದ ಕಲಾವಿದನ ಇಕ್ಕಟ್ಟು ಕಾಣುತ್ತದೆ. ಚಿತ್ರಕಲೆಯೊಳಗೂ ಮೇಲು ಕೀಳು ಇತ್ತು. ಪುರಾಣ, ಇತಿಹಾಸದ ಚಿತ್ರಗಳು ಮೇಲಿನವು. ಬೀದಿ, ಸೇತುವೆಗಳ ಚಿತ್ರ ಕೆಳಗಿನದು. ವೆನಿಸ್ಸಿನ ಕಲಾ ಅಕಾಡೆಮಿ ಯುರೋಪಿನಲ್ಲೆಲ್ಲ ಹೆಸರಾಗಿದ್ದ ಈ ಮನುಷ್ಯನನ್ನು ಸದಸ್ಯನಾಗಿ ಆರಿಸಿದ್ದು 1763ರಲ್ಲಿ, ಅವನಿಗೆ 65 ದಾಟಿದ ಮೇಲೆ. ಸದಸ್ಯತ್ವಕ್ಕಾಗಿ ಅವನು ಬರೆದುಕೊಟ್ಟದ್ದು ಕೂಡ ನಿಜವಾದ ನಗರವನ್ನಲ್ಲ, ಕಲ್ಪಿಸಿದ ಒಂದು ಕಂಬಸಾಲಿನ ದೃಶ್ಯವನ್ನು.

ಈಗ ಲಂಡನ್ನಿಗೆ ಬರೋಣ. ಆಸ್ಟ್ರಿಯಾದ ಪಟ್ಟಕ್ಕಾಗಿ ನಡೆದ ಯುದ್ಧದಿಂದ ಪ್ರವಾಸಿಗಳು ಕಡಿಮೆಯಾದಾಗ, 1746ರಲ್ಲಿ ಕನಲೆಟ್ಟೊ ಗಿರಾಕಿಗಳ ಊರಿಗೇ ಹೋದ. ಮುಂದಿನ ಸುಮಾರು ಒಂಬತ್ತು ವರ್ಷ ಹೆಚ್ಚಾಗಿ ಅಲ್ಲೇ ಇದ್ದ. ಆಗ ವೆಸ್ಟ್‌ಮಿನ್‌ಸ್ಟರ್ ಸೇತುವೆ ಕಟ್ಟುತ್ತಿದ್ದರು. ಲಂಡನ್ ಸೇತುವೆಯೊಂದನ್ನು ಬಿಟ್ಟರೆ ಆ ನಗರಕ್ಕೆ ಥೇಮ್ಸ್ ದಾಟಲು ದೋಣಿಯೇ ಗತಿಯಾಗಿದ್ದ ಕಾಲ ಅದು. ಕನಲೆಟ್ಟೊ 1747ರ ಹೊತ್ತಿಗೆ ಬರೆದ ಚಿತ್ರದಲ್ಲಿ ಸೇತುವೆ ಪೂರ್ತಿಯಾಗಿ ನಿಂತಿದೆ. ಕೆಳಗೆ ನಗರದ ಮೇಯರನ ಮೆರವಣಿಗೆ, ಕಸುಬು ಸಂಘಗಳ ಅಲಂಕೃತ ದೋಣಿಗಳು. ನಿಜವಾದ ಸೇತುವೆ ತೆರೆದದ್ದು 1750ರ ನವೆಂಬರಿನಲ್ಲಿ. ನಡುಕಮಾನಿನ ಮೇಲೆ ಅವನು ಬರೆದ ಮೂರ್ತಿಗಳನ್ನು ಯಾರೂ ಎಂದೂ ನಿಲ್ಲಿಸಲಿಲ್ಲ. ಅಂದರೆ ಚಿತ್ರ ಇದ್ದ ನಗರವನ್ನಲ್ಲ, ಆಗಬೇಕೆಂದುಕೊಂಡ ನಗರವನ್ನು ತೋರಿಸುತ್ತಿದೆ. ಅಲ್ಲೇ ಸುತ್ತ ಸಣ್ಣ ದೋಣಿಗಳಲ್ಲಿ ಅಂಬಿಗರಿದ್ದಾರೆ. ಜನರನ್ನು ದಡ ದಾಟಿಸಿ ಬದುಕುತ್ತಿದ್ದ ಅವರಿಗೆ ಆ ಸೇತುವೆಯೆಂದರೆ ದುಡಿಮೆಯ ನಷ್ಟ. ಅಂಬಿಗರ ಸಂಘಕ್ಕೆ ಪರಿಹಾರ ಕೊಡಬೇಕಾಗಿ ಬಂತು. ಚಿತ್ರದಲ್ಲಿ ಮಾತ್ರ ಅವರು ಹಬ್ಬಕ್ಕೆ ಬಂದವರ ಹಾಗೆ ತೇಲುತ್ತಿದ್ದಾರೆ.

ಅದೇ ಲಂಡನ್ನಿನಲ್ಲಿ, ಅದೇ ವರ್ಷಗಳಲ್ಲಿ ವಿಲಿಯಂ ಹೊಗಾರ್ತ್ ಕೆಲಸ ಮಾಡುತ್ತಿದ್ದ. 1751ರಲ್ಲಿ ಅವನು ಪ್ರಕಟಿಸಿದ ‘ಜಿನ್ ಲೇನ್’ ಎಂಬ ಅಚ್ಚುಚಿತ್ರ ಸಂತ ಗೈಲ್ಸ್ ಎಂಬ ಬಡಜನರ ಕೇರಿಯದು. ಅಗ್ಗದ ಜಿನ್ ಕುಡಿದು ಹಾಳಾದ ಕೇರಿ. ಗೋಡೆ ಕುಸಿಯುತ್ತಿದೆ, ಒಬ್ಬ ನೇಣು ಹಾಕಿಕೊಂಡಿದ್ದಾನೆ. ಏಳಿಗೆ ಕಂಡಿರುವವರಲ್ಲಿ ಎದ್ದು ಕಾಣುವವನು ಒತ್ತೆ ಇಟ್ಟುಕೊಂಡು ಸಾಲ ಕೊಡುವವನು. ನಡುವೆ ಮೆಟ್ಟಿಲ ಮೇಲೆ ಕುಳಿತ ತಾಯಿ ನಶ್ಯ ಏರಿಸುವುದರಲ್ಲಿ ಮುಳುಗಿದ್ದಾಳೆ. ಅವಳ ಮಗು ತಲೆಕೆಳಗಾಗಿ ಬೀಳುತ್ತಿದೆ.

ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನಾನು ಬಹಳ ಹೊತ್ತು ನೋಡಿದ್ದೇನೆ. ವೆನಿಸ್ಸಿನಲ್ಲೂ ಮಗು ಬಿದ್ದಿದೆ, ಲಂಡನ್ನಿನಲ್ಲೂ ಬೀಳುತ್ತಿದೆ. ಅಲ್ಲಿ ತಾಯಿ ಓಡಿ ಬರುತ್ತಾಳೆ. ಇಲ್ಲಿ ಬರುವುದಿಲ್ಲ. ಹೊಗಾರ್ತ್ ಬಡವರನ್ನು ಕೆಳಮೂಲೆಯಿಂದ ನಡುವಿಗೆ ತಂದ ಎಂದು ಅವನನ್ನು ಹೊಗಳುವುದು ರೂಢಿ. ಆ ಹೊಗಳಿಕೆ ಸಲ್ಲಬೇಕಾದದ್ದೇ. ಆದರೆ ಹೇಗೆ ತಂದ? ತಪ್ಪಿತಸ್ಥರನ್ನು ಕಟಕಟೆಗೆ ತರುವ ಹಾಗೆ. ಈ ಅಚ್ಚುಗಳು ಜಿನ್ ಮಾರಾಟಕ್ಕೆ ಕಡಿವಾಣ ಹಾಕುವ ಕಾನೂನಿನ ಪರವಾಗಿ ಬಂದವು. ಅದೇ ವರ್ಷ ಆ ಕಾನೂನೂ ಬಂತು. ಹೊಗಾರ್ತನ ಗೆಳೆಯ, ಕಾದಂಬರಿಕಾರ ಹೆನ್ರಿ ಫೀಲ್ಡಿಂಗ್ ಆಗ ಬೋ ಸ್ಟ್ರೀಟಿನ ಮ್ಯಾಜಿಸ್ಟ್ರೇಟ್. ಲಂಡನ್ನಿನ ಮೊದಲ ಪತ್ತೇದಾರಿ ಪಡೆಯನ್ನು ಕಟ್ಟಿದವನು, ದರೋಡೆಗಳು ಹೆಚ್ಚಲು ಕಾರಣವೇನೆಂದು 1751ರಲ್ಲೇ ಪುಸ್ತಕ ಬರೆದವನು. ಬಡವರ ಕುಡಿತ, ಬಡವರ ಅಪರಾಧ, ಬಡವರ ಸೋಮಾರಿತನ ಇವೆಲ್ಲ ಆಳುವವರ ಚಿಂತೆಯಾಗಿದ್ದ ಹೊತ್ತು ಅದು. ಕನಲೆಟ್ಟೊನ ಲಂಡನ್ ವ್ಯವಸ್ಥೆ ಗೆದ್ದ ನಗರವಾದರೆ ಹೊಗಾರ್ತನ ಲಂಡನ್ ವ್ಯವಸ್ಥೆ ಬೇಕಾದ ನಗರ. ಗೋಡೆಗೆ ಮೊದಲನೆಯದು, ಎಚ್ಚರಿಕೆಗೆ ಎರಡನೆಯದು.

ಹಾಗಿದ್ದರೆ ಸಾನ್ ವಿದಾಲ್ ಬಯಲಿನ ಆ ತಾಯಿ ಎಲ್ಲಿಯವಳು? ಅವಳು ಯಾವ ಮೆರವಣಿಗೆಯನ್ನೂ ನೋಡುತ್ತಿಲ್ಲ, ಯಾವ ನೀತಿಗೂ ಉದಾಹರಣೆಯಲ್ಲ. ಈ ಚಿತ್ರವನ್ನು ಬರೆಸಿದವರು ಪ್ರವಾಸಿಗಳಲ್ಲ, ಬಹುಶಃ ವೆನಿಸ್ಸಿನವರೇ ಯಾರೋ ಎಂದು ಕಲಾ ಇತಿಹಾಸಕಾರರು ಊಹಿಸುತ್ತಾರೆ. ಊರಿನವರ ಕಣ್ಣಿಗೆ ಬರೆದಾಗ ಊರು ಹೀಗೂ ಕಾಣಬಹುದಿತ್ತು ಎಂಬುದು ನನಗೆ ಮುಖ್ಯವೆನಿಸುತ್ತದೆ. ಅಲ್ಲಿ ಚರ್ಚೂ ಇದೆ, ಕಾಲುವೆಯೂ ಇದೆ, ಆದರೆ ಆ ಚರ್ಚು ನಿಂತಿರುವುದು ಕಲ್ಲು ಕಡಿಯುವವರ ತೋಳಿನ ಬಲದಿಂದ ಎಂಬುದೂ ಇದೆ.

ಕನಲೆಟ್ಟೊನ ಅಕ್ಕನ ಮಗನೋ ತಂಗಿಯ ಮಗನೋ, ಅಂತೂ ಸೋದರಳಿಯ ಬೆರ್ನಾರ್ದೊ ಬೆಲ್ಲೊಟ್ಟೊ ಇದೇ ಕಸುಬನ್ನು ಕಲಿತು, 1747ರಲ್ಲಿ ಡ್ರೆಸ್‌ಡೆನ್ನಿಗೆ ಹೋಗಿ ಸ್ಯಾಕ್ಸನಿಯ ಆಸ್ಥಾನ ಚಿತ್ರಕಾರನಾದ. ಆಸ್ಥಾನದ ಚಿತ್ರಕಾರನಿಗೆ ನಗರವೆಂದರೆ ದೊರೆಯ ಆಸ್ತಿ. ಚೌಕಗಳು ವಿಶಾಲ, ಗೋಪುರಗಳು ನೆಟ್ಟಗೆ. ಆದರೆ 1760ರಲ್ಲಿ ಪ್ರಷ್ಯಾದ ಸೈನ್ಯ ಡ್ರೆಸ್‌ಡೆನ್ ಮೇಲೆ ಗುಂಡು ಮಳೆಗರೆಯಿತು. ಬೆಲ್ಲೊಟ್ಟೊನ ಮನೆಯೂ ನಾಶವಾಯಿತು. 1765ರಲ್ಲಿ ಅವನು ಬರೆದ ಕ್ರಾಯ್ಟ್ಸ್ ಚರ್ಚಿನ ಅವಶೇಷದ ಚಿತ್ರ ನನ್ನ ಮಟ್ಟಿಗೆ ಆ ಶತಮಾನದ ಅತ್ಯಂತ ಪ್ರಾಮಾಣಿಕ ನಗರಚಿತ್ರಗಳಲ್ಲೊಂದು. ಸೀಳಿಹೋದ ಗೋಪುರ ತನ್ನ ಒಳಗನ್ನೆಲ್ಲ ತೆರೆದುಕೊಂಡು ನಿಂತಿದೆ. ಕೆಳಗೆ ಇಟ್ಟಿಗೆಯ ಗುಡ್ಡ. ಅದರ ಮೇಲೆ ಇರುವೆಗಳಷ್ಟು ಸಣ್ಣಗೆ ಕೂಲಿಯಾಳುಗಳು. ಮುಂದೆ ಬಟ್ಟೆಬರೆ ಚೆನ್ನಾಗಿರುವವರು ನಿಂತು ನೋಡುತ್ತಿದ್ದಾರೆ. ನೋಡುವವರು, ದುಡಿಯುವವರು ಎಂಬ ಪಾತ್ರಗಳು ಇಲ್ಲಿ ಅದಲುಬದಲಾಗಿವೆ. ಸಂತ ರೊಕ್ಕೊನ ಹಬ್ಬದಲ್ಲಿ ದೊಡ್ಡವರು ನಡೆದರು, ಸಣ್ಣವರು ನೋಡಿದರು. ನಗರ ಬಿದ್ದುಹೋದಾಗ ಸಣ್ಣವರು ಎತ್ತುತ್ತಾರೆ, ದೊಡ್ಡವರು ನೋಡುತ್ತಾರೆ.

ಬೆಲ್ಲೊಟ್ಟೊ ಕೊನೆಗೆ ನೆಲೆಸಿದ್ದು ವಾರ್ಸಾದಲ್ಲಿ. ಪೋಲೆಂಡಿನ ದೊರೆ ಸ್ತಾನಿಸ್ವಾಫ್ ಆಗಸ್ಟ್‌ಗಾಗಿ ಅವನು ಬರೆದ ನಗರದೃಶ್ಯಗಳನ್ನು ಅರಮನೆಯ ಒಂದು ಕೋಣೆಯಲ್ಲಿ ಸಾಲಾಗಿ ತೂಗುಹಾಕಿದರು. ದೊರೆಯ ಭೇಟಿಗೆ ಬಂದವರು ಮೊದಲು ಆ ಚಿತ್ರಗಳ ನಗರವನ್ನು ದಾಟಿಕೊಂಡು ಹೋಗಬೇಕಿತ್ತು. ಸಾರೋಟುಗಳಲ್ಲಿ ಕುಲೀನರು, ಬದಿಯಲ್ಲಿ ವ್ಯಾಪಾರಿಗಳು, ತಿರುಕರು, ಹಳ್ಳಿಯಿಂದ ಬಂದವರು. ಎಲ್ಲರೂ ಒಂದೇ ಬೀದಿಯಲ್ಲಿ, ಯಾರಿಗೂ ಯಾರ ಮೇಲೂ ಸಿಟ್ಟಿಲ್ಲದ ಹಾಗೆ. ಬೆಲ್ಲೊಟ್ಟೊ 1780ರಲ್ಲಿ ತೀರಿಕೊಂಡ. ಒಂಬತ್ತು ವರ್ಷಗಳ ನಂತರ, 1789ರ ಡಿಸೆಂಬರ್ 2ರಂದು, ಅದೇ ನಗರದಲ್ಲಿ ಅವನು ಬರೆಯದ ಒಂದು ಮೆರವಣಿಗೆ ಹೊರಟಿತು. ವಾರ್ಸಾದ ನಗರಾಧ್ಯಕ್ಷ ಯಾನ್ ದೆಕೆರ್ತ್‌ನ ಮುಂದಾಳ್ತನದಲ್ಲಿ 141 ಪಟ್ಟಣಗಳ ಪ್ರತಿನಿಧಿಗಳು ಕಪ್ಪು ಬಟ್ಟೆ ತೊಟ್ಟು, ಪಟ್ಟಣಿಗರಿಗೂ ಹಕ್ಕು ಬೇಕೆಂದು ಮನವಿ ಹಿಡಿದು ಅರಮನೆಗೆ ಹೋದರು. ಚಿತ್ರಗಳಲ್ಲಿ ಬೀದಿಬದಿಗೆ ಸರಿದು ನಿಂತಿದ್ದವರು ಬೀದಿಯ ನಡುವಿಗೆ ಬಂದಿದ್ದರು. 1791ರ ಏಪ್ರಿಲಿನಲ್ಲಿ ಪಟ್ಟಣಗಳ ಹಕ್ಕಿನ ಕಾನೂನು ಬಂತು. ಹಳ್ಳಿಯ ಜೀತದ ರೈತರಿಗೆ ಅದರಿಂದ ಏನೂ ಸಿಗಲಿಲ್ಲ.

ವೆನಿಸ್ಸಿನ ವ್ಯವಸ್ಥೆಯೂ ಬಹಳ ದಿನ ಉಳಿಯಲಿಲ್ಲ. 1797ರ ಮೇ ತಿಂಗಳಲ್ಲಿ ನೆಪೋಲಿಯನ್ನನ ಸೈನ್ಯಕ್ಕೆ ಹೆದರಿ ಮಹಾಸಭೆ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಕೆಲವೇ ವಾರಗಳಲ್ಲಿ, ಕನಲೆಟ್ಟೊ ಎಷ್ಟೋ ಸಲ ಬರೆದ ಸಂತ ಮಾರ್ಕನ ಚೌಕದಲ್ಲಿ ಸ್ವಾತಂತ್ರ್ಯದ ಮರ ನೆಟ್ಟು, ಚಿನ್ನದ ಪುಸ್ತಕವನ್ನು ಸುಟ್ಟರು.

ಕಥೆ ಇಲ್ಲಿಗೇ ಮುಗಿದಿದ್ದರೆ ಇವೆಲ್ಲ ಹಳೆಯ ಚಿತ್ರಗಳಾಗಿ ಉಳಿಯುತ್ತಿದ್ದವು. ಆದರೆ ಎರಡನೆಯ ಮಹಾಯುದ್ಧದಲ್ಲಿ ವಾರ್ಸಾದ ಹಳೆಯ ನಗರಭಾಗದ ನೂರಕ್ಕೆ 85ಕ್ಕೂ ಹೆಚ್ಚು ಪಾಲನ್ನು ನಾಜಿಗಳು ನೆಲಸಮ ಮಾಡಿದರು. ಯುದ್ಧ ಮುಗಿದ ಮೇಲೆ ಪೋಲೆಂಡಿನ ವಾಸ್ತುಶಿಲ್ಪಿಗಳು ಯುದ್ಧಕ್ಕೆ ಮೊದಲು ಮಾಡಿದ್ದ ಅಳತೆಯ ನಕ್ಷೆಗಳ ಜೊತೆಗೆ ಬೆಲ್ಲೊಟ್ಟೊನ ಚಿತ್ರಗಳನ್ನೂ ಮುಂದಿಟ್ಟುಕೊಂಡು ರಾಜಮಾರ್ಗದ ಕಟ್ಟಡಗಳನ್ನು ಮತ್ತೆ ಎತ್ತಿದರು. ಬೆಲ್ಲೊಟ್ಟೊ ತನ್ನ ಕಾಲದ ಕಟ್ಟಡಗಳನ್ನು ಅಲ್ಲಲ್ಲಿ ತಿದ್ದಿ, ಚೆಂದಗಾಣಿಸಿ ಬರೆದಿದ್ದ; ಕೆಲವು ಕಡೆ ಆ ತಿದ್ದುಪಡಿಗಳೂ ಇಟ್ಟಿಗೆ ಗಾರೆಯಾಗಿ ನಿಂತವು. ದೊರೆಯ ಕೋಣೆಗೆಂದು ಬರೆದ ಕನಸು ಎರಡು ಶತಮಾನದ ನಂತರ ಬೀದಿಯಾಯಿತು. ಇದನ್ನು ಓದಿದಾಗ ನನಗೆ ಸಂತೋಷವೂ ಆಯಿತು, ಒಂದು ಬಗೆಯ ಅಳುಕೂ ಆಯಿತು. ಒಂದು ಜನಾಂಗದ ನೆನಪನ್ನೇ ಅಳಿಸಲು ಹೊರಟವರಿಗೆ ಚಿತ್ರವೊಂದು ಉತ್ತರ ಕೊಟ್ಟಿತು ಎಂಬುದು ಸಂತೋಷ. ಯುದ್ಧಕ್ಕೆ ಮೊದಲು ಆ ನಗರದ ಜನರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಯಹೂದಿಗಳು. ಅವರು ಬಾಳಿದ ಮುರಾನೊವ್ ಕೇರಿಯನ್ನು ಹಳೆಯ ರೂಪದಲ್ಲಿ ಕಟ್ಟಲಿಲ್ಲ. ಗೆಟ್ಟೊದ ಅವಶೇಷದ ಮೇಲೆಯೇ ಹೊಸ ವಸತಿ ಕಟ್ಟಡಗಳು ಎದ್ದವು. ಅದಕ್ಕೆ ಕಾರಣಗಳು ಬೇರೆ ಬೇರೆ ಇದ್ದವು. ಹಿಂದಿರುಗಿ ಬಾಳಲು ಅಲ್ಲಿನವರೇ ಉಳಿದಿರಲಿಲ್ಲ ಎಂಬುದು ಅವುಗಳಲ್ಲಿ ದೊಡ್ಡದು. ಆದರೂ ಯಾವ ಬೀದಿ ನೆನಪಿಗೆ ಯೋಗ್ಯ ಎಂಬ ಪ್ರಶ್ನೆಗೆ ಬೆಲ್ಲೊಟ್ಟೊನ ಕಾಲದಲ್ಲಿ ಸಿಕ್ಕ ಉತ್ತರ ಅಷ್ಟು ದೂರದವರೆಗೂ ಬಂದು ಮುಟ್ಟಿತ್ತು.

ಆದ್ದರಿಂದ ಈ ಚಿತ್ರಗಳನ್ನು ಸುಳ್ಳೆಂದು ತಳ್ಳಿಹಾಕುವುದು ನನಗೆ ಒಗ್ಗುವುದಿಲ್ಲ. ಕನಲೆಟ್ಟೊ ಮತ್ತು ಬೆಲ್ಲೊಟ್ಟೊ ವೆನಿಸ್ಸಿನ ಗೋಡೆಗಳ ಮೇಲೆ ಪಾಚಿಯ ಹಸಿರು ಗೆರೆಯನ್ನು ಎಷ್ಟು ನಿಷ್ಠೆಯಿಂದ ಬರೆದಿದ್ದರೆಂದರೆ, ಇಂದಿನ ವಿಜ್ಞಾನಿಗಳು ಅದನ್ನು ಈಗಿನ ಗೆರೆಯೊಂದಿಗೆ ಹೋಲಿಸಿ, ಅಲ್ಲಿಂದೀಚೆಗೆ ನೀರು ಸುಮಾರು 60 ಸೆಂಟಿಮೀಟರಿನಷ್ಟು ಮೇಲೇರಿದೆ ಎಂದು ಲೆಕ್ಕ ಹಾಕಿದ್ದಾರೆ. ಅಷ್ಟು ನಿಷ್ಠೆಯ ಕಣ್ಣು ಬಡವರನ್ನು ಕಾಣದೆ ಇರಲಿಲ್ಲ. ಕಂಡದ್ದನ್ನು ಎಲ್ಲಿಡಬೇಕೆಂದು ತೀರ್ಮಾನಿಸಿದ್ದು ಗಿರಾಕಿ, ದೊರೆ, ಅಕಾಡೆಮಿ. ಆದರೂ ಚಿತ್ರಕಾರರು ಅವರನ್ನು ಅಲ್ಲಿ ಇಟ್ಟುಹೋಗಿದ್ದಾರೆ, ಕೈಯಲ್ಲಿ ಚಾಣ, ಹುಟ್ಟು, ಪೊರಕೆ ಕೊಟ್ಟು. ಮುಂದಿನ ಸಲ ಇಂಥದ್ದೊಂದು ಚಿತ್ರ ನಿಮ್ಮ ಕಣ್ಣಿಗೆ ಬಿದ್ದರೆ ಗೋಪುರಗಳನ್ನು ನೋಡಿ, ಅವು ನೋಡುವಂತೆಯೇ ಇವೆ. ಆಮೇಲೆ ಆ ಗೋಪುರದ ಕಲ್ಲು ಹೊತ್ತವರು ಎಲ್ಲಿದ್ದಾರೆಂದು ಹುಡುಕಿ.